ಕುಂಟು, ದಾಟು, ಹಾರು

ನಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಶುರು ಮಾಡಿದರೆ ನನಗೆ ಒಳಗೊಳಗೇ ಖುಷಿ. ಅವರಿಗೊಂದು ಮನೆಯಾಗುತ್ತದೆ ಎಂಬ ದೊಡ್ಡ ಮನಸ್ಸಿನಿಂದೇನಲ್ಲ. ಗೋಡೆ ಏಳುವ ಮೊದಲು ರಸ್ತೆಯ ಅರ್ಧ ಭಾಗಕ್ಕೆ ಉಸುಕು ಬಂದು ಬೀಳುತ್ತದಲ್ಲ, ಅದಕ್ಕೆ. ಸಿಂಧನೂರಿನಲ್ಲಿ ಈಗ ಉಸುಕು ಎಂದರೂ ಕಲ್ಲು ಅರೆದ ಬೂದು ಪುಡಿಯೇ. ಕೈಯಲ್ಲಿ ಹಿಡಿದರೆ ಜಾರುವುದಿಲ್ಲ, ಅಂಟಿಕೊಳ್ಳುತ್ತದೆ. ಆದರೂ ಉಸುಕು ಉಸುಕೇ. ಬೆಳಿಗ್ಗೆ ಹಾಲು ತರಲು ಹೋದವಳು ಆ ರಾಶಿಯ ಮುಂದೆ ನಿಲ್ಲುತ್ತೇನೆ. ಹಿಂದಿನ ಸಂಜೆ ನೀರು ಹೊಡೆದಿದ್ದರೆ ಮೇಲೊಂದು ಹಸಿ ಪದರ ಕೂತಿರುತ್ತದೆ, ಯಾರೂ ತುಳಿಯದ್ದು. ಬೆಕ್ಕೊಂದು ಹಾದುಹೋದ ಗುರುತು ಬಿಟ್ಟರೆ ಮತ್ತೇನಿಲ್ಲ. ನಾನು ಅಲ್ಲಿಂದ ಹಿಂದಕ್ಕೆ ತಿರುಗಿ ರಸ್ತೆಯನ್ನು ಕಣ್ಣಲ್ಲೇ ಅಳೆಯುತ್ತೇನೆ. ಆ ಲೈಟಿನ ಕಂಬದಿಂದ ಓಡಿ ಬಂದು ಈ ಚರಂಡಿ ಕಲ್ಲಿನ ಹತ್ತಿರ ಕಾಲು ಕೊಟ್ಟರೆ ಎಲ್ಲಿಗೆ ಹೋಗಿ ಬೀಳಬಹುದು?

ಒಮ್ಮೆ ಹೀಗೆ ನಿಂತಿದ್ದಾಗ ನನ್ನ ಯಜಮಾನರು ಬಾಗಿಲಿಗೆ ಬಂದು, "ಏನ್ ನೋಡಾಕತ್ತಿ? ಉಸುಕು ನಮ್ದಲ್ಲ," ಎಂದರು.

"ಗೊತ್ತೈತಿ," ಎಂದೆ.

"ಮತ್ತ?"

ಮತ್ತೆ ಏನು ಹೇಳುವುದು? ಕಾಲೇಜಿನ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗುವ, ಪಾಠ ಶುರು ಮಾಡುವ ಮೊದಲೇ ಕುರ್ಚಿ ಹುಡುಕುವ ಕನ್ನಡದ ಮೇಡಂ ಒಬ್ಬಳು ಮುಂಜಾನೆ ಹಾಲಿನ ಪಾತ್ರೆ ಹಿಡಿದು ಟ್ರಿಪಲ್ ಜಂಪಿನ ಲೆಕ್ಕ ಹಾಕುತ್ತಿದ್ದಾಳೆ ಎಂದರೆ ಆ ಮನುಷ್ಯ ಗಾಬರಿಬಿದ್ದಾರು.

ನನಗೆ ಬೀಳುವ ಕನಸುಗಳಲ್ಲಿ ಒಂದು ಮಾತ್ರ ಎಷ್ಟೋ ವರ್ಷಗಳಿಂದ ತಪ್ಪದೆ ಬರುತ್ತದೆ. ಅದರಲ್ಲಿ ಕಥೆಯಿಲ್ಲ, ಜನರಿಲ್ಲ. ಒಂದು ಕಾಲು ನೆಲ ಬಿಟ್ಟಿದೆ, ಇನ್ನೊಂದು ಮುಂದೆ ಮಡಿಚಿಕೊಂಡಿದೆ, ಕೆಳಗೆ ನೆಲ ಹಳ್ಳದ ನೀರಿನ ಹಾಗೆ ಹಿಂದಕ್ಕೆ ಹೋಗುತ್ತಿದೆ. ನಾನು ಇಳಿಯುವುದಿಲ್ಲ. ಇಳಿಯಬೇಕು ಅನ್ನಿಸುವುದೂ ಇಲ್ಲ. ಎಚ್ಚರವಾದಾಗ ತೊಡೆ ಸ್ವಲ್ಪ ಬಿಗಿದುಕೊಂಡಿರುತ್ತದೆ, ಅಷ್ಟೆ.

ಟ್ರಿಪಲ್ ಜಂಪ್ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಓಡಿ ಬರಬೇಕು, ನೆಲದಲ್ಲಿ ಹೂತ ಬಿಳಿ ಪಟ್ಟಿಯ ಮೇಲೆ ಕಾಲಿಟ್ಟು ಜಿಗಿಯಬೇಕು. ಯಾವ ಕಾಲಿನಿಂದ ಜಿಗಿದೆವೋ ಅದೇ ಕಾಲಿನ ಮೇಲೆ ಇಳಿಯಬೇಕು. ಅಲ್ಲಿಂದ ಎದ್ದು ಇನ್ನೊಂದು ಕಾಲಿನ ಮೇಲೆ. ಅಲ್ಲಿಂದ ಎದ್ದು ಎರಡೂ ಕಾಲು ಜೋಡಿಸಿಕೊಂಡು ಉಸುಕಿನ ಗುಂಡಿಗೆ. ಹಾಪ್, ಸ್ಟೆಪ್, ಜಂಪ್ ಎಂದು ಎಲ್ಲರೂ ಹೇಳುವ ಈ ಮೂರನ್ನು ಮಸ್ಕಿಯ ನಮ್ಮ ಶಾಲೆಯ ಗಿರಿಜಮ್ಮ ಟೀಚರ್ 'ಕುಂಟು, ದಾಟು, ಹಾರು' ಮಾಡಿದ್ದರು. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ತೊಗರಿಬೇಳೆ ಕಟ್ಟುತ್ತಿದ್ದ ನನ್ನ ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಪೊಟ್ಟಣಕ್ಕೆ ದಾರ ಸುತ್ತುವುದನ್ನೂ ನಿಲ್ಲಿಸಿ ಯೋಚಿಸಿದರು.

"ಅಲ್ಲವ್ವ, ಹೋಗಿ ಬೀಳೂದು ಅದೇ ಉಸುಕಿನ್ಯಾಗ ಅಂದಮ್ಯಾಲೆ ಒಮ್ಮಿಗೇ ಹಾರಬಾರದೇನು? ನಡುವ ಎರಡು ಸಲ ಯಾಕ ಇಳೀಬೇಕು?"

ಕೇಳಿ, ಮತ್ತೆ ದಾರ ಸುತ್ತತೊಡಗಿದರು.

ನಾನು ಈ ಆಟಕ್ಕೆ ಬಂದದ್ದು ಕುಂಟಲಿಪಿಯ ದಾರಿಯಿಂದ. ನೆಲದ ಮೇಲೆ ಮನೆ ಗೀಚಿ, ಹಂಚಿನ ಚೂರು ಎಸೆದು, ಒಂಟಿಗಾಲಲ್ಲಿ ಮನೆಯಿಂದ ಮನೆಗೆ ಕುಂಟುವ ಆಟಕ್ಕೆ ನಮ್ಮ ಕಡೆ ಆ ಹೆಸರು. ಅದರಲ್ಲಿ ನನ್ನನ್ನು ಸೋಲಿಸುವವರು ಓಣಿಯಲ್ಲಿ ಯಾರೂ ಇರಲಿಲ್ಲ. ಬಲಗಾಲೇ ನಿಜವಾದದ್ದು, ಎಡಗಾಲನ್ನು ದೇವರು ಜೊತೆಗಿರಲಿ ಎಂದು ಕೊಟ್ಟದ್ದು ಅನ್ನುವ ಹಾಗೆ ಕುಂಟುತ್ತಿದ್ದೆ. ಓದಿನಲ್ಲಿ ಸಾಧಾರಣ, ಹಾಡಿನಲ್ಲಿ ಅದಕ್ಕಿಂತ ಕೆಳಗೆ, ಓಟದಲ್ಲಿ ಹಿಂದಿನಿಂದ ಬೇಗ ಸಿಗುವವಳು. ಕುಂಟುವುದೊಂದು ನನ್ನ ಆಸ್ತಿ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಊಟದ ಬಿಡುವಿನಲ್ಲಿ ಗೆಳತಿ ಶಾಹಿನ್ ಜೊತೆ ಆಡುತ್ತಿದ್ದೆ. ಗಿರಿಜಮ್ಮ ಟೀಚರ್ ಎಷ್ಟು ಹೊತ್ತಿನಿಂದ ನೋಡುತ್ತ ನಿಂತಿದ್ದರೋ ಗೊತ್ತಿಲ್ಲ.

"ಏ ನಿರ್ಮಲಾ, ಅದೇ ಕಾಲಿಲೆ ಆ ಬೇವಿನ ಗಿಡದ ತನಕ ಹೋಗಿ ಬಾ ನೋಡೂನು."

ಹೋಗಿ ಬಂದೆ.

"ಕಾಲು ನೊಂದಾವೇನು?"

"ಇಲ್ರಿ."

"ನಾಳೆ ಸಾಲಿ ಬಿಟ್ಟಮ್ಯಾಲೆ ಮನಿಗೆ ಹೋಗಬ್ಯಾಡ. ಇಲ್ಲೇ ನಿಂದರು."

ಶಾಹಿನ್ ಕಿಸಕ್ಕನೆ ನಕ್ಕು, "ನಾನೂ ನಿಂದರ್ಲೇನ್ರಿ ಟೀಚರ್?" ಎಂದಳು.

"ನೀ ಇಲ್ಲದ ಈಕಿ ಎಲ್ಲಿ ನಿಂದರ್ತಾಳ? ಇಬ್ರೂ ಬರ್ರಿ."

ಟೀಚರಿಗೆ ಆಗ ನಲವತ್ತು ದಾಟಿತ್ತು. ಮೈ ತುಂಬಿದ ಹೆಂಗಸು. ಅಗಲ ಹಣೆಯ ಮೇಲೆ ವಿಭೂತಿ, ದಪ್ಪ ಗಾಜಿನ ಕನ್ನಡಕ, ವಾಯಿಲ್ ಸೀರೆ, ಕೊರಳಲ್ಲಿ ತಾಳಿಯ ಜೊತೆಗೇ ತೂಗುವ ಸೀಟಿ. ಶಾಲೆಯ ಬಯಲಿನ ಮೂಲೆಯಲ್ಲಿ ನಮ್ಮ ಗುಂಡಿ. ಅದರ ಉಸುಕನ್ನು ಒಂದು ಶನಿವಾರ ಇಡೀ ಕ್ಲಾಸು ಬುಟ್ಟಿ ಹೊತ್ತು ಹಳ್ಳದಿಂದ ತಂದು ತುಂಬಿದ್ದೆವು. ಹಳ್ಳದ ಉಸುಕಿನಲ್ಲಿ ಸಣ್ಣ ಸಣ್ಣ ಶಂಖದ ಹುಳುಗಳ ಚಿಪ್ಪು ಇರುತ್ತಿದ್ದವು. ಬಿಸಿಲು ಓರೆಯಾದರೆ ಅಲ್ಲಲ್ಲಿ ಮಿಣುಕುತ್ತಿದ್ದವು. ಅದರಲ್ಲಿ ಬಿದ್ದು ಮುಖ ಹೂತುಕೊಂಡರೆ ನೀರು ಬತ್ತಿದ ಮೇಲೂ ಉಳಿಯುವ ಒಂದು ತಣ್ಣನೆಯ ವಾಸನೆ. ನಾನು ಎದ್ದೇಳಲು ತಡ ಮಾಡುತ್ತಿದ್ದುದಕ್ಕೆ ಪೆಟ್ಟಾಗಿದೆ ಎಂದು ಶಾಹಿನ್ ಓಡಿ ಬರುತ್ತಿದ್ದಳು.

ಟೀಚರ್ ಕಲಿಸುವ ರೀತಿಯೇ ಬೇರೆ. ಗುಂಡಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. "ಹ್ಞೂಂ, ಬಾ," ಎನ್ನುತ್ತಿದ್ದರು. ನೋಡದೆ ಹೇಗೆ ತಿದ್ದುತ್ತೀರಿ ಎಂದು ಶಾಹಿನ್ ಕೇಳಿಯೇಬಿಟ್ಟಳು.

"ಕಣ್ಣಿಗೆ ಮೋಸ ಆಗತೈತಿ. ಕಿವಿಗೆ ಆಗಂಗಿಲ್ಲ. ಮೂರು ಸಪ್ಪಳದ ನಡುವ ಬಿಡುವು ಒಂದೇ ನಮೂನಿ ಇರಬೇಕು. ಅಷ್ಟೇ ವಿದ್ಯಾ."

ಆ ಅಷ್ಟೇ ವಿದ್ಯೆ ನನಗೆ ಬರಲಿಲ್ಲ. ನನ್ನ ಕುಂಟು ಆಕಾಶಕ್ಕೆ ಹೋಗುತ್ತಿತ್ತು. ಕುಂಟಲಿಪಿಯ ರಾಣಿಯಲ್ಲವೇ, ಇದ್ದ ಶಕ್ತಿಯೆಲ್ಲ ಮೊದಲಿನ ನೆಗೆತಕ್ಕೇ ಸುರಿದುಬಿಡುತ್ತಿದ್ದೆ. ಅಷ್ಟು ಎತ್ತರದಿಂದ ಒಂಟಿಗಾಲಿನ ಮೇಲೆ ಇಳಿದರೆ ಮೊಣಕಾಲು ಕುಸಿಯದೆ ಏನು ಮಾಡೀತು? ಎರಡನೆಯದು ಹೆಜ್ಜೆಯಲ್ಲ, ಎಡವಿದವಳು ಸಾವರಿಸಿಕೊಳ್ಳಲು ಇಟ್ಟ ಕಾಲು. ಧಪ್ ಎಂದು ಒಂದು, ಆಮೇಲೆ ತಪ್‌ಧಪ್ ಎಂದು ಎರಡು ಅಂಟಿಕೊಂಡು.

ಟೀಚರ್ ಕಣ್ಣು ತೆರೆಯದೆಯೇ ಕೇಳುತ್ತಿದ್ದರು: "ಕುಂಟು ಐತಿ, ಹಾರು ಐತಿ. ನಡುವಿನ ದಾಟು ಯಾರು ತಿಂದ್ರು? ಅಷ್ಟ್ ಮ್ಯಾಲೆ ಯಾಕ ಹೋಗತಿ, ಮಲ್ಲಯ್ಯನ ಗುಡ್ಡ ಹತ್ತೂದೈತೇನು?"

ಒಂದು ಸಂಜೆ ಅವರು ಹಾರಿಸಲೇ ಇಲ್ಲ. ನಮ್ಮಿಬ್ಬರನ್ನೂ ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ, ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಎಸೆಯಲು ಹೇಳಿದರು. ನನ್ನದು ಮೇಲೆ ಹೋಗಿ ಬುಳುಕ್ ಎಂದು ಮುಳುಗಿತು. ಶಾಹಿನ್ ಎಸೆದದ್ದು ನೀರನ್ನು ಸವರಿ, ಎದ್ದು, ಮತ್ತೆ ಸವರಿ, ಆಚೆ ದಂಡೆಯ ಜೊಂಡಿನ ಕಡೆಗೆ ಹೋಯಿತು.

"ನೋಡಿದೇನು? ಮ್ಯಾಲೆ ಎಸೆದದ್ದು ಒಮ್ಮಿಗೇ ಮುಳುಗತೈತಿ. ಸಪಾಟ ಎಸೆದದ್ದು ತಾಕಿ ಏಳತೈತಿ. ನಿನ್ನ ಕುಂಟು ಈ ಕಲ್ಲಿನಂಗಿರಬೇಕು," ಎಂದರು ಟೀಚರ್.

ಇಷ್ಟು ಹೇಳಲು ಅವರಿಗೆ ಒಂದು ನಿಮಿಷ ಸಾಕಿತ್ತು. ಆದರೆ ನಾವು ಅಲ್ಲಿ ಹೊತ್ತು ಮುಳುಗುವವರೆಗೂ ಇದ್ದೆವು. ಎಮ್ಮೆಗಳು ನೀರಿನಿಂದ ಒಲ್ಲದ ಮನಸ್ಸಿನಲ್ಲಿ ಎದ್ದು ಹೋದವು. ಗುಡ್ಡದ ಬಂಡೆಗಳು ಬೆಲ್ಲದ ಬಣ್ಣಕ್ಕೆ ತಿರುಗಿದವು. ಟೀಚರ್ ಕೂಡ ಸೆರಗು ಸೊಂಟಕ್ಕೆ ಸಿಗಿಸಿ ಕಲ್ಲು ಎಸೆಯತೊಡಗಿದ್ದರು. ನೀರಿನ ಮೇಲೆ ಕಲ್ಲು ತಾಕಿದ ಕಡೆಯಲ್ಲೆಲ್ಲ ಒಂದೊಂದು ಬಳೆ ಹುಟ್ಟಿ ಅಗಲವಾಗುತ್ತ ಹೋಗುವುದನ್ನು ನೋಡುತ್ತಿದ್ದೆವು. ಈಗಲೂ ನನಗೆ 'ಸಂಜೆ' ಎಂಬ ಪದ ಕಂಡರೆ ಮೊದಲು ನೆನಪಾಗುವುದು ಆ ಒಂದು ಸಂಜೆ. ಉಳಿದವು ಅದರ ಹಿಂದೆ ಸಾಲು ನಿಲ್ಲುತ್ತವೆ.

ಕಾಲು ಇಡುವುದಕ್ಕೂ ಪಾಠ ಇತ್ತು. "ಹಿಮ್ಮಡಿ ಊರಬ್ಯಾಡ, ತುದಿಗಾಲ ಮ್ಯಾಲೂ ನಿಂದರಬ್ಯಾಡ. ಇಡೀ ಅಂಗಾಲು ಇಟ್ಟು ನೆಲಾನ ಹಿಂದಕ್ಕ ಎಳಿ. ಗೂಳಿ ಮಣ್ಣು ಕೆರೀತೈತಲ್ಲ, ಹಂಗ." ನಡುವಿನ ಹೆಜ್ಜೆಯಲ್ಲಿ ಮುಂದಿನ ತೊಡೆ ಎಷ್ಟು ಎತ್ತರ ಇರಬೇಕು? "ಅದರ ಮ್ಯಾಲೆ ಒಂದು ತಾಟು ಇಟ್ರ ಜಾರಬಾರದು." ನಾನು ಮನೆಯಲ್ಲಿ ನಿಜವಾಗಿಯೂ ಊಟದ ತಾಟು ಇಟ್ಟುಕೊಂಡು ಒಂಟಿಗಾಲಲ್ಲಿ ನಿಂತೆ. ಅಡುಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎಷ್ಟೋ ವರ್ಷಗಳಿಂದ ಕೇಳಿದ್ದ ಸದ್ದೇ. ಅವತ್ತು ಮೊದಲ ಸಲ ಅದರ ನಡುವಿನ ಬಿಡುವು ಕೇಳಿಸಿತು. ಬಡಿತ, ಬಿಡುವು, ಬಡಿತ, ಬಿಡುವು. ಎಲ್ಲೂ ಅವಸರವಿಲ್ಲ. ರೊಟ್ಟಿ ತಾನಾಗಿಯೇ ಅಗಲವಾಗುತ್ತಿತ್ತು. ಆ ತಾಳಕ್ಕೆ ನಾನು ಕಾಲು ಬದಲಿಸತೊಡಗಿದೆ. ತಾಟು ಠಣ್ಣನೆ ಬಿತ್ತು.

"ಇದೇನಬೇ, ಒಲಿ ಮುಂದ ಕುಣ್ಯಾಕತ್ತಿ! ಹಿಟ್ಟಿನ್ಯಾಗ ಕಾಲಿಟ್ಟಿ ನೋಡು," ಎಂದಳು ಅವ್ವ.

ಶಾಹಿನ್‌ಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಉದ್ದ ಕಾಲಿನ ಹುಡುಗಿ. ಹೇಳುವ ಮೊದಲೇ ಮೈಗೆ ತಿಳಿದುಬಿಡುತ್ತಿತ್ತು. ಅವಳ ಮೂರು ಸಪ್ಪಳಗಳು ಒಂದೇ ದಾರಕ್ಕೆ ಪೋಣಿಸಿದಂತೆ ಬರುತ್ತಿದ್ದವು. ಕುರ್ಚಿಯಲ್ಲಿ ಕೂತ ಟೀಚರ್ ತಲೆದೂಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲವೇ ಎಂದರೆ, ಆಗುತ್ತಿತ್ತು. ಆದರೆ ಅವಳು ಹಾರುವುದನ್ನು ನೋಡಲು ಎಷ್ಟು ಚಂದವಿತ್ತೆಂದರೆ ಕಿಚ್ಚು ಹೊತ್ತಿಕೊಳ್ಳುವಷ್ಟರಲ್ಲಿ ಮರೆತುಹೋಗುತ್ತಿತ್ತು.

ಬಟ್ಟೆಯ ಕಥೆಯೊಂದು ಇದೆ, ಹೇಳದೆ ಮುಂದಕ್ಕೆ ಹೋಗಲಾರೆ. ನಾವು ಹಾರುತ್ತಿದ್ದುದು ಶಾಲೆಯ ಸಲವಾರಿನಲ್ಲೇ. ದಾಟುವಿನಲ್ಲಿ ಕಾಲು ಅಗಲಿಸು ಅಗಲಿಸು ಎಂದು ಟೀಚರ್ ಬೈದೂ ಬೈದೂ, ನಾನು ಒಂದು ದಿನ ಹಟಕ್ಕೆ ಬಿದ್ದು ಅಗಲಿಸಿದರೆ ಸಲವಾರು ಚರ್ರನೆ ಹರಿಯಿತು. ಎಲ್ಲರೂ ಹೋಗುವವರೆಗೆ ಉಸುಕಿನಲ್ಲೇ ಕೂತಿದ್ದು, ಶಾಹಿನ್‌ಳ ದುಪಟ್ಟಾ ಸುತ್ತಿಕೊಂಡು ನೇರವಾಗಿ ಅವಳ ಅಪ್ಪನ ಅಂಗಡಿಗೆ ಹೋದೆವು. ಖಾಜಾಸಾಬರು ಬಜಾರಿನಲ್ಲಿ ಟೇಲರ್. ಹರಿದದ್ದನ್ನು ಹಿಡಿದು, ಎರಡೂ ಕಾಲಿನ ಹೊಲಿಗೆ ಕೂಡುವ ಜಾಗ ನೋಡಿ, "ಮಿಯಾನಿ ಸಣ್ಣದಾಗೈತಿ," ಎಂದರು. ಅಲ್ಲಿ ಕೂಡಿಸುವ ತುಂಡು ಬಟ್ಟೆಗೆ ಅವರು ಮಿಯಾನಿ ಎನ್ನುತ್ತಿದ್ದರು.

"ಎಷ್ಟು ಅಗಲ ಕಾಲು ಹಾಕತೀರಿ ಬೇಟಾ?"

ಶಾಹಿನ್ ಅಂಗಡಿಯ ಬಾಗಿಲಿನಿಂದ ಮಷೀನಿನವರೆಗೆ ಒಂದೇ ಹೆಜ್ಜೆ ಹಾಕಿ ತೋರಿಸಿದಳು. ಖಾಜಾಸಾಬರು ಬಾಯಲ್ಲಿದ್ದ ಗುಂಡುಸೂಜಿ ತೆಗೆದರು. "ಅರೆ ಬಾಪ್‌ರೇ! ಹಿಂಗ ಹಾಕಿದ್ರ ಯಾವ ಮಿಯಾನಿ ಉಳೀತೈತಿ?"

ಆದರೂ ಅವರ ಮುಖದಲ್ಲಿ ಒಂದು ಥರದ ಹೆಮ್ಮೆ ಇತ್ತು. ಆ ವಾರವೇ ನಮ್ಮಿಬ್ಬರಿಗೂ ಅಷ್ಟಗಲದ ಮಿಯಾನಿಯಿಟ್ಟು, ಜೋಡಿ ಹೊಲಿಗೆ ಹಾಕಿ, ನೀಲಿ ಬಟ್ಟೆಯ ಸಲವಾರು ಹೊಲಿದುಕೊಟ್ಟರು. "ಇನ್ನ ಮಸ್ಕಿಯಿಂದ ಲಿಂಗಸುಗೂರಿಗೆ ಒಂದೇ ಹೆಜ್ಜಿ ಹಾಕ್ರಿ, ಹರಿಯಂಗಿಲ್ಲ."

ನಾವು ಬಸ್ಸಿನಲ್ಲೇ ಹೋದೆವು. ತಾಲೂಕು ಮಟ್ಟದ ಕೂಟ ಆಗ ಲಿಂಗಸುಗೂರಿನಲ್ಲಿ. ಎರಡು ದಿನದ ಕೂಟ, ನಮ್ಮ ಸರದಿ ಎರಡನೇ ದಿನ. ಒಂದು ಶಾಲೆಯ ಕೋಣೆಯಲ್ಲಿ ಉಳಿದುಕೊಳ್ಳುವ ವ್ಯವಸ್ಥೆ. ಮೊದಲ ದಿನ ಓಟಗಳೆಲ್ಲ ಮುಗಿದ ಮೇಲೆ, ಸಂಜೆ, ಟೀಚರ್ ನಮ್ಮನ್ನು ಗುಂಡಿ ತೋರಿಸಲು ಕರೆದುಕೊಂಡು ಹೋದರು.

ನಮ್ಮ ಶಾಲೆಯ ಬಯಲು ಚಿಕ್ಕದು, ಬಿಳಿ ಪಟ್ಟಿ ಗುಂಡಿಗೆ ಹತ್ತಿರವೇ ಇತ್ತು. ದಾಟು ಎಷ್ಟು ಸಣ್ಣದಾದರೂ ಕೊನೆಗೆ ಉಸುಕಿನಲ್ಲೇ ಬೀಳುತ್ತಿದ್ದೆ. ಇಲ್ಲಿ ಪಟ್ಟಿ ಎಲ್ಲೋ, ಗುಂಡಿ ಎಲ್ಲೋ. ನಡುವೆ ಗಟ್ಟಿಯಾದ ಕೆಂಪು ಗರಸಿನ ನೆಲ, ಸಣ್ಣ ಹರಳು ಮೇಲೆದ್ದು ಕೂತದ್ದು. ದಾಟು ಸರಿಯಾಗಿ ಬರದಿದ್ದರೆ ಉಸುಕು ಸಿಗುವುದಿಲ್ಲ, ಗರಸಿನ ಮೇಲೆಯೇ ಬೀಳಬೇಕು. ಕದ್ದು ಮುಚ್ಚುವ ಮಾತೇ ಇಲ್ಲ.

ಶಾಹಿನ್ ಹಾರಿದಳು. ಏನೂ ಆಗಿಲ್ಲವೆಂಬಂತೆ ಗುಂಡಿಯ ನಡುವೆ ಇಳಿದಳು. ನಾನು ಓಡಿದೆ. ಕುಂಟು ಎಂದಿನಂತೆ ಮೇಲಕ್ಕೆ ಹೋಯಿತು, ದಾಟು ಎಂದಿನಂತೆ ಮುಗ್ಗರಿಸಿತು, ಉಸುಕು ಇನ್ನೂ ದೂರ ಇರುವುದು ಗಾಳಿಯಲ್ಲೇ ಕಂಡಿತು. ಎರಡೂ ಮೊಣಕಾಲು, ಎರಡೂ ಅಂಗೈ ಗರಸಿಗೆ ಕೊಟ್ಟೆ. ಖಾಜಾಸಾಬರ ಮಿಯಾನಿ ಗಟ್ಟಿಯಾಗಿಯೇ ಇತ್ತು; ಹರಿದದ್ದು ಮೊಣಕಾಲಿನ ಹತ್ತಿರದ ಬಟ್ಟೆ, ಅದರ ಕೆಳಗಿನ ಚರ್ಮ.

ಶಾಹಿನ್ ನೀರು ತಂದು ಗಾಯದಲ್ಲಿ ಸೇರಿದ ಹರಳು ತೊಳೆದಳು. ನಾನು ಅಳುತ್ತ, "ನಾಳೆ ನಾ ಹಾರಂಗಿಲ್ರಿ," ಎಂದೆ.

ಟೀಚರ್ ಬೈಯಲಿಲ್ಲ. "ದೂರ ಐತಿ ಅನಸತೈತೇನು?"

"ಉಸುಕು ನನಗ ಸಿಗಂಗಿಲ್ರಿ. ಏನ್ ಮಾಡಿದ್ರೂ ಸಿಗಂಗಿಲ್ಲ."

ಅವರು ಗುಂಡಿಯ ಕಡೆ ನೋಡಿದರು, ಪಟ್ಟಿಯ ಕಡೆ ನೋಡಿದರು, ಬಯಲಿನ ಸುತ್ತ ನೋಡಿದರು. ಉಳಿದ ಶಾಲೆಯವರೆಲ್ಲ ಊಟಕ್ಕೆ ಹೋಗಿದ್ದರು. ಸುಣ್ಣದ ಗೆರೆಗಳು ಆ ಮಬ್ಬಿನಲ್ಲಿ ಹಗಲಿಗಿಂತ ಬೆಳ್ಳಗೆ ಕಾಣುತ್ತಿದ್ದವು. ಎಲ್ಲೋ ಒಂದು ಆಡು ಕೂಗುತ್ತಿತ್ತು.

"ಶಾಹಿನ್, ಇದನ್ನ ಹಿಡಿ," ಎಂದು ಕನ್ನಡಕ ತೆಗೆದುಕೊಟ್ಟರು. ಆಮೇಲೆ ಸೀಟಿ. ಆಮೇಲೆ ಚಪ್ಪಲಿ ಬಿಟ್ಟರು.

"ಟೀಚರ್ರೀ, ಏನ್ ಮಾಡಾಕತ್ತೀರಿ?" ಎಂದಳು ಶಾಹಿನ್.

"ಮಸ್ಕಿಯಾಗ ಹಾರಿದ್ರ ನಾಳೆ ಬಜಾರದಾಗೆಲ್ಲ ಅದೇ ಸುದ್ದಿ. ಇಲ್ಲಿ ನನ್ನ ಗುರುತು ಹಿಡಿಯೋರು ಯಾರದಾರ?" ಎಂದು ನೆರಿಗೆಗಳನ್ನು ಎತ್ತಿ ಹಿಂದಕ್ಕೆ ಕಚ್ಚೆಯಂತೆ ಸಿಗಿಸಿಕೊಂಡರು.

ನಾನು ಅಳುವುದನ್ನು ಮರೆತೆ. ಅವರು ಬಹಳ ಹಿಂದಕ್ಕೆ ಹೋಗಲಿಲ್ಲ. ಮೊದಲು ನಡೆದಂತೆ, ಆಮೇಲೆ ಓಡಿದಂತೆ, ಆಮೇಲೆ ಏನೋ ತಮ್ಮನ್ನು ಎಳೆದುಕೊಂಡು ಹೋಗುತ್ತಿರುವಂತೆ ಬಂದರು. ಬಳೆಗಳ ಸದ್ದು ಹತ್ತಿರವಾಯಿತು. ಪಟ್ಟಿಯ ಮೇಲೆ ಕಾಲು ಬಿತ್ತು.

ಕುಂಟು ತಗ್ಗಿನಲ್ಲೇ ಹೋಯಿತು, ಹಳ್ಳದ ನೀರಿನ ಮೇಲಿನ ಕಲ್ಲಿನ ಹಾಗೆ. ಇಡೀ ಅಂಗಾಲು ನೆಲ ಮುಟ್ಟಿತು, ನೆಲವನ್ನು ಹಿಂದಕ್ಕೆ ಎಳೆಯಿತು. ಮತ್ತೆ ಎದ್ದರು. ಅದು ದಾಟು. ಅದನ್ನು ನಾನು ಹೇಗೆ ಹೇಳಲಿ? ಅಷ್ಟು ತುಂಬಿದ ಮೈ, ಸೆರಗು ಹಿಂದೆ ಬಿಚ್ಚಿಕೊಂಡು, ಒಂದು ತೊಡೆ ಮುಂದೆ ತಾಟು ಇಟ್ಟರೂ ಜಾರದಷ್ಟು ಸಮವಾಗಿ, ಗರಸಿನ ಮೇಲೆ ತೇಲುತ್ತಿತ್ತು. ಮುಂದಿನ ಕಾಲಿಗೆ ಇಳಿಯುವ ಅವಸರವೇ ಇರಲಿಲ್ಲ. ಆ ಮಬ್ಬಿನಲ್ಲಿ ಅವರು ಅಲ್ಲೇ ಇದ್ದುಬಿಟ್ಟರೇನೋ ಅನ್ನಿಸಿತು. ಆಮೇಲೆ ಕಾಲು ಇಳಿಯಿತು, ಎದ್ದಿತು, ಉಸುಕು ಭುಸ್ಸೆಂದು ಹಾರಿತು.

"ಯಾ ಅಲ್ಲಾ!" ಎಂದಳು ಶಾಹಿನ್, ಕನ್ನಡಕವನ್ನು ಎದೆಗೊತ್ತಿಕೊಂಡು.

ಟೀಚರ್ ಗುಂಡಿಯ ಅಂಚಿನೊಳಗೆ ಕೂತು ನಗುತ್ತಿದ್ದರು. ಏಳಲು ಇಬ್ಬರೂ ಕೈ ಕೊಡಬೇಕಾಯಿತು. ಸೀರೆ ಕೊಡವಿಕೊಳ್ಳುತ್ತ, ಉಸಿರು ಹಿಡಿದು ಹಿಡಿದು ಹೇಳಿದರು: "ನೋಡಿದೇನು? ಎಲ್ಲಾರೂ ಅವಸರ ಮಾಡೂದು ನಡುವಿಂದಕ್ಕ. ಯಾವಾಗ ಉಸುಕು ಮುಟ್ಟೇನು ಅಂತಿರತಾರ. ನೀ ಹಂಗ ಮಾಡಬ್ಯಾಡವ್ವ. ಅಲ್ಲಿ ಸ್ವಲ್ಪ ಇರು."

ಮರುದಿನ ಬೆಳಿಗ್ಗೆ ನನ್ನ ಹೆಸರು ಕೂಗಿದಾಗ ಮೊಣಕಾಲು ಬಗ್ಗಿಸಿದರೆ ಗಾಯ ಬಿರಿಯುತ್ತಿತ್ತು. ಮೊದಲ ಸಲ ಪಟ್ಟಿ ಬಂದ ಕೂಡಲೇ ಹೆದರಿ, ಹಾರದೆ, ಗುಂಡಿಯವರೆಗೂ ಓಡಿಯೇ ಹೋದೆ. ಜನ ನಕ್ಕರು. ಎರಡನೇ ಸಲ ಕಾಲು ಪಟ್ಟಿಗಿಂತ ಮುಂದೆ ಬಿತ್ತು, ಕೆಂಪು ಬಾವುಟ ಎದ್ದಿತು. ಮೂರು ಅವಕಾಶಗಳಲ್ಲಿ ಇನ್ನು ಒಂದೇ ಉಳಿದಿತ್ತು. ಟೀಚರನ್ನು ಹುಡುಕಿದೆ. ದೂರದ ಶಾಮಿಯಾನದ ಕೆಳಗೆ ಕೂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ, ಗುಂಡಿಗೆ ಬೆನ್ನು ಮಾಡಿದ್ದರು.

ಶಾಹಿನ್ ನನ್ನ ಪಕ್ಕ ಬಂದು ನಿಂತಳು. ಅವಳು ಆಗಲೇ ಎಲ್ಲರಿಗಿಂತ ಮುಂದೆ ಹಾರಿಯಾಗಿತ್ತು. "ಲೇ ನಿಮ್ಮಿ, ಗರಸು ನೋಡಬ್ಯಾಡ. ಅಲ್ನೋಡು, ಆ ನೀರಿನ ಟಾಕಿ ನೋಡು. ಅದನ್ನ ನೋಡ್ಕೊಂತ ಹೋಗಿಬಿಡು."

ಹೋಗಿಬಿಟ್ಟೆ. ಓಡಿದ್ದು ನೆನಪಿಲ್ಲ. ಪಟ್ಟಿ ಮೆಟ್ಟಿದ್ದು ನೆನಪಿಲ್ಲ. ಕುಂಟು ತಗ್ಗಿನಲ್ಲಿ ಹೋಗಿರಬೇಕು, ಏಕೆಂದರೆ ಈ ಸಲ ಮೊಣಕಾಲು ಕುಸಿಯಲಿಲ್ಲ. ಅಂಗಾಲು ನೆಲವನ್ನು ಹಿಡಿದು ಹಿಂದಕ್ಕೆ ತಳ್ಳಿತು. ಅದಾದ ಮೇಲೆ ಒಂದು ಹೊಸ ಜಾಗಕ್ಕೆ ಬಂದೆ. ಅಲ್ಲಿ ಸದ್ದಿರಲಿಲ್ಲ. ನೋವೂ ಇರಲಿಲ್ಲ. ನೀರಿನ ಟಾಕಿ ಇತ್ತು, ಅದರ ಮೇಲೆ ಒಂದು ಹಕ್ಕಿ ಕೂತಿತ್ತು, ಅದು ರೆಕ್ಕೆ ತೆರೆದು ಮತ್ತೆ ಮಡಿಚಿಕೊಂಡಿತು. ಅಷ್ಟನ್ನು ನೋಡುವಷ್ಟು ಹೊತ್ತು ನಾನು ಗಾಳಿಯಲ್ಲಿದ್ದೆ ಎಂದರೆ ಲೆಕ್ಕ ಬಲ್ಲವರು ನಂಬುವುದಿಲ್ಲ. ನಂಬಬೇಡಿ. ಆದರೆ ನಾನು ಅಲ್ಲಿ ಸ್ವಲ್ಪ ಇದ್ದೆ. ಆಮೇಲೆ ಎಡಗಾಲು, ಇಷ್ಟು ದಿನ ಜೊತೆಗಿರಲಿ ಎಂದು ಕೊಟ್ಟಿದ್ದ ಆ ಕಾಲು, ಗರಸನ್ನು ಒದ್ದು ನನ್ನನ್ನು ಎತ್ತಿತು. ಹಿಮ್ಮಡಿಗಳು ತಣ್ಣನೆಯ ಉಸುಕಿನೊಳಗೆ ಹೂತುಹೋದವು.

ಗುಂಡಿಯ ಅಂಚಿನಲ್ಲೇ. ಇನ್ನೊಂದು ಗೇಣು ಹಿಂದಾಗಿದ್ದರೆ ಗರಸು. ಅಳೆಯುವವರು ಟೇಪು ಹಿಡಿದು ಏನೋ ಕೂಗಿದರು. ಅದು ಯಾವ ಬಹುಮಾನಕ್ಕೂ ಹತ್ತಿರದ ಅಳತೆಯಾಗಿರಲಿಲ್ಲ. ಮುದಗಲ್ಲಿನವಳೊಬ್ಬಳು, ಪಾಮನಕಲ್ಲೂರಿನವಳೊಬ್ಬಳು ಚೆನ್ನಾಗಿ ಹಾರಿದರು. ಎಲ್ಲರಿಗಿಂತ ಮೊದಲು ಶಾಹಿನ್. ಅವಳನ್ನು ಜನ ಸುತ್ತುವರಿದಿದ್ದಾಗ ನಾನು ಕುಂಟುತ್ತ ಶಾಮಿಯಾನಕ್ಕೆ ಹೋದೆ.

"ಟೀಚರ್ರೀ…"

"ಕೇಳಿಸ್ತು," ಎಂದರು ಅವರು. ಕಣ್ಣು ಒದ್ದೆಯಾಗಿದ್ದವು. "ಮೂರೂ ಬಿಡಿಬಿಡಿಯಾಗಿ ಕೇಳಿಸಿದ್ವು. ಬಾ, ಆ ಗಾಯಕ್ಕ ಅರಿಷಿಣ ಹಚ್ಚತೀನಿ."

ಶಾಹಿನ್ ಮುಂದೆ ರಾಯಚೂರಿಗೂ ಹೋಗಿ ಹಾರಿ ಬಂದಳು. ಈಗ ಮುದಗಲ್ಲಿನಲ್ಲಿ ಅವಳದೇ ಹೊಲಿಗೆ ಅಂಗಡಿ ಇದೆ. ಶಾಲೆಯ ಹುಡುಗಿಯರ ಸಲವಾರು ಹೊಲಿಯುವಾಗ ಯಾರು ಕೇಳಲಿ ಬಿಡಲಿ ಮಿಯಾನಿ ಅಗಲವಾಗಿಯೇ ಇಡುತ್ತಾಳಂತೆ. "ಯಾರಿಗೆ ಗೊತ್ತು ಬೇ, ಯಾವಾಕಿ ಯಾವಾಗ ಹಾರತಾಳೋ," ಎನ್ನುತ್ತಾಳೆ ಫೋನಿನಲ್ಲಿ. ನಾನು ಆ ಒಂದು ಸಲ ಬಿಟ್ಟರೆ ಮತ್ತೆ ಅಂಥ ದಾಟು ಹಾಕಲಿಲ್ಲ. ಮರುವರ್ಷ ಹತ್ತನೇ ಕ್ಲಾಸು, ಟ್ಯೂಷನ್ನು, ಆಮೇಲೆ ಕಾಲೇಜು. ಬೇಸರವೇನಿಲ್ಲ. ಕೆಲವರಿಗೆ ಒಂದು ಊರಿಗೆ ಒಮ್ಮೆ ಹೋಗಿ ಬಂದರೆ ಸಾಕಾಗುತ್ತದೆ, ಜೀವಮಾನವಿಡೀ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ನಾನು ಆ ಜಾತಿ.

ಹೋದ ಶ್ರಾವಣದಲ್ಲಿ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಗಿರಿಜಮ್ಮ ಟೀಚರ್ ಸಿಕ್ಕರು. ರಿಟೈರಾಗಿ ಬಹಳ ವರ್ಷವಾಯಿತು. ಮುಕ್ಕುಂದದಲ್ಲಿ ತಂಗಿಯ ಮನೆಗೆ ಹೊರಟಿದ್ದರು. ಮೈ ಇಳಿದುಹೋಗಿತ್ತು, ಕೂದಲು ಪೂರ್ತಿ ಬೆಳ್ಳಗೆ. ನಾನು ಕಾಲು ಮುಟ್ಟಿ ಹೆಸರು ಹೇಳುವ ಮೊದಲೇ, "ದಾಟು ಇಲ್ಲದಾಕಿ!" ಎಂದು ಕೈ ಹಿಡಿದುಕೊಂಡರು. ಕಲ್ಲು ಬೆಂಚಿನ ಮೇಲೆ ಕೂತೆವು. ಅವರಿಗೆ ಚಹಾ ತರಿಸಿದೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಅವತ್ತು ಕೇಳಿದೆ.

"ಟೀಚರ್ರೀ, ಲಿಂಗಸುಗೂರಿನ್ಯಾಗ ಹಾರಿದ್ರಲ್ಲ, ಅದಕ್ಕಿಂತ ಮೊದಲ ಯಾವಾಗ ಹಾರಿದ್ರಿ?"

"ಲಗ್ನಕ್ಕಿಂತ ಮೊದಲ," ಎಂದರು ಟೀಚರ್, ಚಹಾ ಆರಿಸುತ್ತ. "ಲಿಂಗಸುಗೂರಿಗೆ ಹೋದಾಗ ದೊಡ್ಡ ಮಗಾ ಕಾಲೇಜಿಗೆ ಹೋಗಾಕತ್ತಿದ್ದ. ನೋಡು ಎಷ್ಟು ವರ್ಷ ಆಗಿತ್ತು."

"ಅಂದ್ರ… ಉಸುಕು ಸಿಗತೈತಿ ಅಂತ ನಿಮಗ ಗೊತ್ತಿತ್ತಲ್ರಿ?"

"ಎಲ್ಲಿ ಗೊತ್ತಿತ್ತು? ಕನ್ನಡಕಾ ಬ್ಯಾರೆ ತಗದಿದ್ದೆ. ಉಸುಕು ಎಲ್ಲೈತಿ ಅನ್ನೂದೇ ಕಾಣತಿದ್ದಿಲ್ಲ."

ಇಷ್ಟು ವರ್ಷ ನಾನು ಅದನ್ನು ಪಾಠ ಎಂದುಕೊಂಡಿದ್ದೆ. ಬಲ್ಲವರು ಬಾರದವರಿಗೆ ತೋರಿಸಿದ್ದು ಎಂದುಕೊಂಡಿದ್ದೆ.

"ಉಸುಕು ಸಿಗದಿದ್ರ ಏನ್ ಮಾಡತಿದ್ರಿ?"

"ಏನ್ ಮಾಡೂದು? ನಿನ್ನ ಮೊಣಕಾಲಿನ ಜೊತಿಗೆ ನಂದೂ ಕೆತ್ತತಿದ್ವು. ಇಬ್ರೂ ಕೂಡಿ ಕುಂತು ಅಳತಿದ್ವಿ," ಎಂದು ಅವರು ನಕ್ಕರು. "ಒಬ್ಬಾಕೀನೇ ಅಳಾಕತ್ತಿದ್ದಿ. ನೋಡಾಕಾಗಲಿಲ್ಲ ನನಗ."

ಮುಕ್ಕುಂದದ ಬಸ್ಸು ಬಂತು. ಜನ ಬಾಗಿಲಿಗೆ ನುಗ್ಗಿದರು. ನಾನು ಅವರ ಚೀಲ ಹಿಡಿದು, ರಟ್ಟೆಗೆ ಕೈ ಕೊಟ್ಟು ಹತ್ತಿಸಿದೆ. ಕಿಟಕಿಯ ಪಕ್ಕ ಕೂತವರು ತಲೆ ಹೊರಗೆ ಹಾಕಿ, ಸುತ್ತ ಯಾರಾದರೂ ಕೇಳುತ್ತಿದ್ದಾರೇನೋ ಎಂಬಂತೆ ನೋಡಿ, ದನಿ ತಗ್ಗಿಸಿದರು.

"ಆಮ್ಯಾಲೆ ಬಿಡಲಿಲ್ಲ ನಾ. ರಿಟೈರ್ ಆಗೂತನಕ, ಮುಂಜಾನೆ ಯಾರೂ ಏಳೂದಕ್ಕಿಂತ ಮೊದಲ ಸಾಲಿ ಬಯಲಿಗೆ ಹೋಗತಿದ್ದೆ. ಹಾರತಿದ್ದೆ. ಉಸುಕು ಸಮ ಮಾಡಿ ಮನಿಗೆ ಬಂದು ರೊಟ್ಟಿಗೆ ಕುಂದರತಿದ್ದೆ."

ಬಸ್ಸು ಹೊರಟಿತು. ನನ್ನ ಸುತ್ತ ಹಾರ್ನು, ಕಡಲೆ ಮಾರುವವರ ಕೂಗು. ನಾನು ಮಾತ್ರ ಇನ್ನೂ ಬೆಳಕು ಹರಿಯದ ಮಸ್ಕಿಯ ಬಯಲಿನಲ್ಲಿ ನಿಂತಿದ್ದೆ. ಅಲ್ಲಿ ಬಳೆಗಳ ಸದ್ದು ಹತ್ತಿರವಾಗುತ್ತಿತ್ತು.